ಮರಳ ದಿಣ್ಣೆಯ ಮೇಲೆ ಡಿಜಿಟಲ್ ಡೈರಿ

ಭಾವ ಮುಂಬೈಯಿಂದ ಮೊದಲ ಸಲ ಡಿಜಿಟಲ್ ಡೈರಿ ತಂದಾಗ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಅಂಗೈ ಅಗಲದ, ಮಡಚುವ ಕಪ್ಪು ಡಬ್ಬಿ. ಒಳಗೆ ಉದ್ದಿನ ಕಾಳಿನಂಥ ಗುಂಡಿಗಳು. ಊರವರ ಫೋನ್ ನಂಬರೆಲ್ಲ ಇದರಲ್ಲಿದೆ ಎಂದು ದೂರದಿಂದಲೇ ತೋರಿಸಿ ಕಿಸೆಗೆ ಸೇರಿಸಿದ್ದರು. ಕೆಲವು ವರ್ಷ ಕಳೆದು ಅವರಿಗೆ ಮೊಬೈಲ್ ಬಂತು, ಡೈರಿ ಅಕ್ಕನ ಪಾಲಾಯಿತು. ಹಳತಾದದ್ದೆಲ್ಲ ಹೆಂಡತಿಗೆ ಎನ್ನುವ ಗಂಡಸರ ಈ ಧಾರಾಳತನ ನನಗೆ ಎಂದೂ ಸರಿಬಂದದ್ದಲ್ಲ. ಆ ಸಿಟ್ಟನ್ನು ಅಕ್ಕನ ಮೇಲೆ ತೀರಿಸಿಕೊಂಡು, "ಮಂಗನ ಕೈಗೆ ಮಾಣಿಕ್ಯ ಸಿಕ್ತ್" ಎಂದೆ.

ಅಕ್ಕ ತಲೆಕೆಡಿಸಿಕೊಳ್ಳಲಿಲ್ಲ. ಕುಚ್ಚಲಕ್ಕಿ ಬೇಯುವ ಹೊತ್ತಿಗೆ ಅದು ಕೂಗುವಂತೆ ಮಾಡಿದಳು. ಕೋಳಿ ಕಾವಿಗೆ ಕೂತ ದಿನ ಬರೆದಿಟ್ಟಳು, ಮರಿ ಒಡೆಯುವ ದಿನ ಡಬ್ಬಿ ಕೂಗಿತು. ಪಂಚಾಯತಿ ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ಕರೆಂಟು ಹೋಗುವ ಹೊತ್ತು, ಎಲ್ಲಕ್ಕೂ ಅದೇ. ಅಮ್ಮನಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಅಕ್ಕಿ ಬೆಂದದ್ ಮೂಗಿಗೆ ಗೊತ್ತಾತ್ತಿಲ್ಯಾ?" ಎಂದು ಗೊಣಗುತ್ತಿದ್ದರು.

ನಮ್ಮ ಮನೆ ಕುಂದಾಪುರದ ಅಳಿವೆಯ ಹತ್ತಿರ. ಇಳಿತದ ಹೊತ್ತಿಗೆ ಹೊಳೆಯ ನಡುವೆ ಮರಳ ದಿಣ್ಣೆಯೊಂದು ತಲೆ ಎತ್ತುತ್ತದೆ. ಅಕ್ಕ ಮತ್ತು ನೆರೆಮನೆಯ ಮೂವರು ಹೆಂಗಸರು ದಡದ ಪಕ್ಕದ ತೋಡು ಎಂಬ ಕಿರುಕಾಲುವೆಯನ್ನು ಮೊಣಕಾಲು ನೀರಿನಲ್ಲಿ ದಾಟಿ, ದಿಣ್ಣೆಗೆ ಹೋಗಿ ಚಿಪ್ಪು ಹೆಕ್ಕುತ್ತಿದ್ದರು. ಆ ತೋಡೇ ಮೋಸ. ಉಬ್ಬರದ ನೀರು ಎದುರಿನಿಂದ ಬರುವುದಿಲ್ಲ, ಮೊದಲು ಬೆನ್ನ ಹಿಂದಿನ ತೋಡು ತುಂಬುತ್ತದೆ. ದಿಣ್ಣೆ ಇನ್ನೂ ಒಣಗಿಯೇ ಇರುತ್ತದೆ, ಮರಳುವ ದಾರಿ ಮುಚ್ಚಿರುತ್ತದೆ. ಈಜು ಬಲ್ಲವರು ಅವರಲ್ಲಿ ಅಕ್ಕ ಒಬ್ಬಳೇ.

ಅಕ್ಕ ಅದಕ್ಕೂ ಡೈರಿಯನ್ನು ಹೂಡಿದಳು. ನೀರು ಏರುವ ಹೊತ್ತು ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಅಲಾರಂ ಅನ್ನು ಅಷ್ಟೇ ಮುಂದೆ ಹಾಕಿ, ಡೈರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಳು. ಅದು ಕೂಗಿದರೆ ನಾಲ್ವರೂ ಬುಟ್ಟಿ ಎತ್ತಿ ಹೊರಡುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ.

ತಪ್ಪದೇ ಇದ್ದದ್ದೇ ನನಗೆ ಹೆದರಿಕೆ. ಮೊದಲೆಲ್ಲ ಅವರು ನಾಲ್ಕು ಚಿಪ್ಪು ಹೆಕ್ಕಿದರೆ ಒಮ್ಮೆ ತಲೆ ಎತ್ತಿ ತೋಡು ನೋಡುತ್ತಿದ್ದರು. ಈಗ ಬಗ್ಗಿದ ಬೆನ್ನು ಬಗ್ಗಿಯೇ ಇರುತ್ತಿತ್ತು. ದಡದಲ್ಲಿ ನಿಂತು ನೋಡಿದರೆ ಯಾರೂ ನೀರಿನ ಕಡೆ ಮುಖ ಮಾಡುತ್ತಿರಲಿಲ್ಲ. ಕೆಲಸಕ್ಕೆಂದು ಕೋಟೇಶ್ವರದ ಹೊಲಿಗೆ ಅಂಗಡಿಯಲ್ಲಿ ಕೂತಾಗಲೂ ನನಗೆ ಆ ಬೆನ್ನುಗಳೇ ಕಣ್ಣೆದುರು ಬರುತ್ತಿದ್ದವು. ಒಂದೇ ಸಮಾಧಾನವೆಂದರೆ ಅಮ್ಮ. ಅಕ್ಕ ದಿಣ್ಣೆಯಲ್ಲಿರುವಷ್ಟು ಹೊತ್ತೂ ಅವರು ಮನೆಕೆಲಸದ ನಡುವೆ ಹತ್ತು ಸಲ ದಡಕ್ಕೆ ಹೋಗಿ ನೀರು ನೋಡಿ ಬರುತ್ತಿದ್ದರು.

ಅವತ್ತು ಅಮಾವಾಸ್ಯೆಯ ಮರುದಿನ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುತ್ತದೆ, ಅಷ್ಟೇ ರಭಸದಿಂದ ಏರುತ್ತದೆ. ಅಂಗಡಿಗೆ ರಜೆ ಇದ್ದುದರಿಂದ ನಾನು ಮನೆಯಲ್ಲೇ ಇದ್ದೆ. ಅಮ್ಮ ಮೆಟ್ಟಿಲ ಮೇಲೆ ಕೂತು ಬೂತಾಯಿ ಮೀನು ಹೆಚ್ಚುತ್ತಿದ್ದರು. ಎಷ್ಟು ಹೊತ್ತಾದರೂ ದಡದ ಕಡೆ ಹೋಗಲಿಲ್ಲ.

"ಇವತ್ತ್ ನೀರ್ ಕಾಂಬುಕ್ ಹೋಪುದಿಲ್ಯಾ?" ಎಂದು ಕೇಳಿದೆ.

"ಅದ್ ಕೂಗತ್ತ್ ಬಿಡ್," ಎಂದರು ಅಮ್ಮ. ಡಬ್ಬಿಯನ್ನು ಕಂಡರಾಗದ ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಕೂತಿರಲಾಗಲಿಲ್ಲ.

ನಾನೇ ದಡಕ್ಕೆ ಹೋದೆ. ತೋಡು ದಾಟಲು ಕಾಲಿಡುವ ಕಲ್ಲುಗಳು ಕಾಣಲಿಲ್ಲ. ಅವುಗಳ ಮೇಲೆ ನೀರು ಸದ್ದಿಲ್ಲದೆ ಒಳಮುಖವಾಗಿ ಹರಿಯುತ್ತಿತ್ತು. ಆಚೆ ದಿಣ್ಣೆಯಲ್ಲಿ ನಾಲ್ಕು ಬೆನ್ನುಗಳು ಬಗ್ಗಿದ್ದವು. ಹೋಯ್ ಎಂದು ಕೂಗಿದೆ, ಸೆರಗು ಬೀಸಿದೆ. ಗಾಳಿ ಕಡಲಿನ ಕಡೆಯಿಂದ ಬೀಸುತ್ತಿತ್ತು, ನನ್ನ ಕೂಗು ನನ್ನ ಹಿಂದಕ್ಕೇ ಹೋಯಿತು.

ತೆಂಗಿನ ಬುಡದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರು ಒಮ್ಮೆ ತೋಡು ನೋಡಿದರು, ತಕ್ಷಣ ದೋಣಿ ನೂಕಿದರು. ಅಷ್ಟರಲ್ಲಿ ದಿಣ್ಣೆಯಲ್ಲಿ ಯಾರೋ ತಲೆ ಎತ್ತಿದ್ದರು. ಅವರು ಗಾಬರಿಯಿಂದ ತೋಡಿಗೆ ಇಳಿದದ್ದೇ ತಪ್ಪಾಯಿತು. ನಡುವೆ ಬಂದಾಗ ನೀರು ಎದೆಮಟ್ಟ. ಅಕ್ಕ ಒಬ್ಬಳ ಕೈ ಹಿಡಿದಿದ್ದಳು, ಉಳಿದಿಬ್ಬರು ಅವಳ ಸೀರೆ ಹಿಡಿದಿದ್ದರು. ಬುಟ್ಟಿಗಳು ತೇಲಿಹೋದವು. ನಾಲ್ವರೂ ಒಟ್ಟಿಗೆ ಒಮ್ಮೆ ಮುಳುಗಿ ಎದ್ದದ್ದನ್ನು ನಾನು ದಡದಲ್ಲಿ ನಿಂತು ನೋಡಿದೆ.

ದೋಣಿ ತಲುಪಿತು. ಅವರು ದೋಣಿಯ ಅಂಚು ಹಿಡಿದು ನೇತಾಡುತ್ತಿದ್ದಾಗ ಅಕ್ಕನ ಕೊರಳಲ್ಲಿ ಡೈರಿ ಕೂಗತೊಡಗಿತಂತೆ. ಪ್ಲಾಸ್ಟಿಕ್ಕಿನೊಳಗಿಂದ, ಏನೂ ಆಗಿಲ್ಲವೆಂಬಂತೆ, ದಿನಾ ಕೂಗುವ ಹಾಗೆ. ಅದನ್ನು ನಿಲ್ಲಿಸಲು ಯಾರಿಗೂ ಕೈ ಬಿಡುವಿರಲಿಲ್ಲ.

ಮನೆಗೆ ಬಂದ ಮೇಲೂ ಅಕ್ಕನ ನಡುಕ ನಿಲ್ಲಲಿಲ್ಲ. ಕಂಬಳಿ ಹೊದಿಸಿ ಗೋಡೆಗೆ ಒರಗಿಸಿದೆವು. ಅಮ್ಮ ಅವಳ ಹಿಂದೆ ಕೂತು ಬೈರಾಸಿನಿಂದ ತಲೆ ಒರೆಸುತ್ತಿದ್ದರು. ಹಾಳು ಡಬ್ಬಿಯನ್ನು ಹೊಳೆಗೆ ಎಸೆಯುತ್ತೇನೆ ಎಂದು ನಾನು ಹಾರಾಡುತ್ತಿದ್ದೆ. ಅಕ್ಕನಿಗೆ ಆ ಮಾತೇ ಕಿವಿಗೆ ಬೀಳಲಿಲ್ಲ. ಡೈರಿಯ ಗಂಟೆಯನ್ನು ಗೋಡೆ ಗಡಿಯಾರದೊಂದಿಗೆ ಹೋಲಿಸಿ ನೋಡಿದಳು. ಎರಡೂ ಒಂದೇ.

"ಬೆಳಿಗ್ಗೆ ಚಾ ಕುಡೀತಾ ನಾನೇ ಮುಕ್ಕಾಲ್ ಗಂಟಿ ಮುಂದ್ ಹಾಕಿದ್ದೆ. ಸರಿಯಾಯೇ ಹಾಕಿದ್ದೆ. ಇಲ್ಲ್ ಕಂಡ್ರೆ ಅಲಾರಂ ನಿನ್ನೆಗಿಂತ ಒಂದೂವರೆ ಗಂಟಿ ಮುಂದಿತ್ತ್," ಎಂದಳು.

ಅಮ್ಮನ ಕೈ ಬೈರಾಸಿನ ಮೇಲೆ ನಿಂತಿತು.

"ಇವತ್ತ್ ನೀ ಒತ್ತುದ್ ಕಾಣ್ಲಿಲ್ಲ. ನೀ ಮೀವುಕ್ ಹೋದಾಗ ನಾನೂ ಮುಕ್ಕಾಲ್ ಗಂಟಿ ಹಾಕ್ದೆ," ಎಂದರು.

ಒಂದೇ ಪಾತ್ರೆಯ ಸಾರಿಗೆ ಇಬ್ಬರೂ ಉಪ್ಪು ಹಾಕಿದಂತಾಗಿತ್ತು. ಅಕ್ಕ ತಿರುಗಿ ಅಮ್ಮನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

"ಅದ್ರ ಗುಂಡಿ ಒತ್ತುಕ್ ನಿಂಗ್ ಯಾರ್ ಹೇಳ್ಕೊಟ್ರ್?"

"ಯಾರೂ ಇಲ್ಲ. ನೀ ದಿನಾ ಒತ್ತುದ್ ಕಾಣ್ತಿದ್ದೆ," ಎಂದರು ಅಮ್ಮ. "ಒಂದಿನ ನೀ ಮರ್ತ್ ಹೋದ್ರೆ ಅಂದೇಳಿ ಕಲ್ತದ್."