ಎಲೆಯ ನೀಲಿ ಉಂಗುರ ಕಂಡ ಉದ್ದವ್ವ

ಹೊತ್ತು ಇನ್ನೂ ಮೂಡಿಲ್ಲ. ಸಂಕೇಶ್ವರದ ಹೊರಗೆ, ಹಿರಣ್ಯಕೇಶಿ ದಂಡೆಯ ತಂಬಾಕಿನ ಹೊಲದ ಬದುವಿನ ಮೇಲೆ ಉದ್ದವ್ವ ಒಂದು ಕೊಡ ನೀರು, ಒಂದು ತುಂಡು ಸಾಬೂನು ಇಟ್ಟುಕೊಂಡು ನಿಂತಿದ್ದಾಳೆ. ಹೊಲಕ್ಕೆ ಇಳಿಯುವವರು ಯಾರೇ ಇರಲಿ, ಮೊದಲು ಕೈ ತೊಳೆಯಬೇಕು. ಬೆಳಗಾವಿಯಿಂದ ಬಂದ ಅಧಿಕಾರಿಯೊಬ್ಬರು ಹಾಗೇ ಮುಂದೆ ನಡೆದರೆ ಅಡ್ಡ ನಿಲ್ಲುತ್ತಾಳೆ. "ಕೈ ತೊಳಕೊಳ್ರಿ ಸಾಹೇಬ್ರ. ತಂಬಾಕ ತಿಕ್ಕಿದ ಬೆರಳಿಗೆ ರೋಗ ಅಂಟಕೊಂಡಿರತೈತಿ. ಗಿಡಾ ಮುಟ್ಟಿದ್ರ ಸಾಕು, ಅದಕ್ಕೂ ಹತ್ತತೈತಿ." ಅಧಿಕಾರಿ ಅಂಗಿಯ ತೋಳು ಮಡಚಿ ಸಾಬೂನಿಗೆ ಕೈ ಚಾಚುತ್ತಾರೆ.

ತಂಬಾಕಿನ ರೋಗ ಪರೀಕ್ಷಿಸುವ ಈ ಪುಟ್ಟ ಕೇಂದ್ರದಲ್ಲಿ ಅವಳು ದಿನಗೂಲಿ ಹೆಣ್ಣಾಳು. ವಯಸ್ಸು ಐವತ್ತರ ಹತ್ತಿರ. ತವರು ಕೌಜಲಗಿ. ಗಂಡ ಸಾತಪ್ಪ ತೀರಿಕೊಂಡ ಮೇಲೆ ನಾಲ್ಕು ವರ್ಷ ಬೀಡಿ ತಂಬಾಕು ಬಡಿಯುವ ಕೆಲಸ ಮಾಡಿದಳು. ಆ ಧೂಳಿಗೆ ಎದೆ ಕಟ್ಟಿ, ರಾತ್ರಿಯೆಲ್ಲ ಕೆಮ್ಮು. ೧೯೫೫ರಲ್ಲಿ ಕಳೆ ಕೀಳಲು ಇಲ್ಲಿಗೆ ಬಂದವಳು, ಗಿಡಕ್ಕೆ ಕೇಡಾಗುತ್ತದೆಂದು ತಿಳಿದ ದಿನವೇ ತಾನು ತಂಬಾಕು ತಿನ್ನುವುದನ್ನು ಬಿಟ್ಟಳು. "ಎಂಟು ದಿನಾ ತಲಿ ಗಿಂವ್ ಅಂತಿತ್ರಿ. ಆಮ್ಯಾಲ ಮರತೇ ಹೋತು" ಎಂದು ನಗುತ್ತಾಳೆ.

ಪ್ರತಿ ಸಾಲಿನಿಂದ ಆರಿಸಿ ನಲವತ್ತು ಎಲೆ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅವಳು ಕೋಣೆಗೆ ಬರುತ್ತಾಳೆ. ಕಿಟಕಿ ಬಾಗಿಲಿಗೆಲ್ಲ ಕರಿ ಕಂಬಳಿ ಇಳಿಬಿಟ್ಟ ಕೋಣೆ. ಒಳಗೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಸೂಸುವ ದೀಪವಿದೆ. ಆಳುಗಳ ಬಾಯಲ್ಲಿ ಅದು 'ಕರೀ ದೀಪ'. ರೋಗ ತಾಕಿದ ಕಡೆ ಕೆಲವು ಗಿಡಗಳು ತಮ್ಮ ರಕ್ಷಣೆಗಾಗಿ ಒಂದು ವಸ್ತುವನ್ನು ಕೂಡಿಹಾಕುತ್ತವೆ. ಬಿಸಿಲಲ್ಲಿ ಅದು ಕಾಣದು. ಈ ದೀಪದ ಕೆಳಗೆ ಮಾತ್ರ ನೀಲಿಯಾಗಿ ಹೊಳೆಯುತ್ತದೆ. ಉದ್ದವ್ವ ಆ ಕಿರಣ ತಡೆಯುವ ಕನ್ನಡಕ ಏರಿಸಿ, ಗಾಜಿನ ಪಟ್ಟಿಯಿಂದ ಆ ನೀಲಿ ಉಂಗುರದ ಅಗಲ ಅಳೆಯುತ್ತಾಳೆ. ಓದು ಬರದು, ಗೆರೆ ಎಣಿಸಲು ಬರುತ್ತದೆ. ಎಣಿಸಿದ್ದನ್ನು ಕೇಂದ್ರದ ಮುಖ್ಯಸ್ಥ ಕೇದಾರಿಯವರು ಬರೆದುಕೊಳ್ಳುತ್ತಾರೆ.

ಅವಳ ಕಣ್ಣಿನ ಬೆಲೆ ಗೊತ್ತಾದದ್ದು ಎರಡು ವರ್ಷದ ಹಿಂದೆ, ೧೯೬೧ರ ಹಿಂಗಾರಿನಲ್ಲಿ. ಕಾಡು ತಂಬಾಕಿನೊಂದಿಗೆ ಕೂಡಿಸಿ ಬೆಳೆಸಿದ ಹೊಸ ಗಿಡಗಳಿಗೆ ಎಲೆ ಬಣ್ಣಗೆಡಿಸುವ ಮಚ್ಚೆ ರೋಗ ತಗುಲಿತು. ಇಪ್ಪತ್ತೇಳು ಗಿಡಗಳ ಎಲೆಯ ಮೇಲೆ ಕಿಡಿ ಬಿದ್ದಂತೆ ಸುಟ್ಟ ಚುಕ್ಕೆ ಎದ್ದವು. ಉಳಿದವು ಹಚ್ಚಗೆ ಚೆಂದಾಗಿದ್ದವು. ಚುಕ್ಕೆಯ ಗಿಡಗಳನ್ನೆಲ್ಲ ಕಿತ್ತು ಸುಡಲು ಕೇದಾರಿ ಹೇಳಿದರು. ಬಿಟ್ಟರೆ ಇಡೀ ಹೊಲಕ್ಕೆ ಹಬ್ಬೀತು, ಆರು ವರ್ಷದ ದುಡಿಮೆ ಮಣ್ಣಾದೀತು ಎಂಬ ಭಯ ಅವರಿಗೆ.

ಉಳಿದ ಆಳುಗಳು ಕುಣಿಯಲ್ಲಿ ಕಟ್ಟಿಗೆ ಒಟ್ಟಿದರು. ಉದ್ದವ್ವ ಕೈ ಹಚ್ಚಲಿಲ್ಲ.

"ಕೀಳಬ್ಯಾಡ್ರಿ ಸಾಹೇಬ್ರ."

"ಯಾಕ, ಉದ್ದವ್ವ? ರೋಗ ಕಣ್ಣಿಗೆ ಕಾಣಾಕತ್ತೈತಲ್ಲ?"

"ಕಾಣತೈತ್ರಿ. ಆದ್ರ ನಾಕ ದಿನಾತು, ಆ ನೀಲಿ ಉಂಗರಾ ಒಂದ ಗೆರೀನೂ ದೊಡ್ಡದಾಗಿಲ್ಲ. ಚುಕ್ಕಿ ಉಂಗರದ ಒಳಗ ನಿಂತೈತಿ. ಹಸರ ಅದಾವಲ್ರಿ, ಅವುಗಳಾಗ ಉಂಗರಾನ ಇಲ್ಲ. ನನಗ ಅವುಗಳದ್ದ ಅಂಜಿಕಿ."

ಸುಟ್ಟು ಕಾಣುವ ಗಿಡ ಸಾಯುತ್ತಿಲ್ಲ, ರೋಗಕ್ಕೆ ಬೇಲಿ ಹಾಕುತ್ತಿದೆ ಎಂಬುದು ಅವಳ ಮಾತು. ಕೇದಾರಿ ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಹದಿನೈದು ದಿನದ ಗಡುವು ಕೊಟ್ಟರು. ತಪ್ಪಾದರೆ ಮರುದಿನದಿಂದ ಕೆಲಸಕ್ಕೆ ಬರುವುದಿಲ್ಲ ಎಂದು ಉದ್ದವ್ವ ತಾನಾಗಿಯೇ ಹೇಳಿದಳು. ಇಪ್ಪತ್ತೇಳು ಗಿಡಕ್ಕೂ ಕೆಂಪು ದಾರ ಕಟ್ಟಿದಳು. ಒಂದು ಗಿಡ ಮುಟ್ಟಿ ಇನ್ನೊಂದಕ್ಕೆ ಹೋಗುವಾಗಲೆಲ್ಲ ಕೈ ತೊಳೆದಳು. ಸಾಬೂನಿಗೆ ಅಂಗೈ ಬಿರಿಯಿತು. ಜೊತೆಯ ಯಮನವ್ವ, "ಗಿಡದ ಸಲುವಾಗಿ ಹೊಟ್ಟಿ ಮ್ಯಾಲ ಕಲ್ಲ ಹಾಕ್ಕೋತಿಯೇನ ಯವ್ವಾ?" ಎಂದು ಬೈದಳು.

ಹನ್ನೊಂದನೆಯ ದಿನ ಹಚ್ಚಗಿದ್ದ ಗಿಡಗಳ ಚಿಗುರು ಮುದುರಿ, ಹಳದಿ ಮಚ್ಚೆ ಮೂಡಿತು. ಹದಿನೈದನೆಯ ದಿನಕ್ಕೆ ಅವುಗಳಲ್ಲಿ ಮುಕ್ಕಾಲು ಪಾಲು ಕೆಟ್ಟಿದ್ದವು. ಕೆಂಪು ದಾರದ ಇಪ್ಪತ್ತೇಳರಲ್ಲಿ ಒಂದರ ಹೊಸ ಎಲೆಗೂ ಕಲೆಯಿರಲಿಲ್ಲ. ಕೇದಾರಿ ಸಾಲಿನುದ್ದಕ್ಕೂ ಎರಡು ಸಲ ನಡೆದು ಬಂದು, ಆಳುಗಳೆಲ್ಲರ ಎದುರು, "ನಾ ಸುಡಾಕ ಹೊಂಟಿದ್ದೆ. ನೀವು ಉಳಿಸಿದ್ರಿ" ಎಂದರು. ಅಲ್ಲಿಯತನಕ ಅವಳನ್ನು ಯಾವ ಸಾಹೇಬರೂ 'ನೀವು' ಅಂದಿರಲಿಲ್ಲ.

ಆ ಗಿಡಗಳ ಬೀಜ ಈ ವರ್ಷ ಹುಕ್ಕೇರಿ, ಗೋಕಾಕ, ಮೂಡಲಗಿಯ ಹನ್ನೆರಡು ಮಂದಿ ರೈತರ ಹೊಲ ಸೇರಿದೆ. ಕೇಂದ್ರದ ವರದಿಯಲ್ಲಿ ಉದ್ದವ್ವನ ಹೆಸರಿಲ್ಲ. ಕೇದಾರಿ ಬರೆದು ಕಳಿಸಿದ್ದರು, ಮೇಲಿನವರು ತೆಗೆದುಹಾಕಿದರು. ಅದನ್ನು ಹೇಳುವಾಗ ಅವರಿಗೆ ಸಿಟ್ಟು. ಅವಳಿಗಿಲ್ಲ. "ಹೆಸರ ಹಾಕಿದ್ರೂ ನನಗ ಓದಾಕ ಬರೂದಿಲ್ಲಲ್ರಿ" ಎಂದು ಎಲೆ ಹರವುತ್ತಾಳೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮಾತ್ರ ಕೈ ನಿಲ್ಲುತ್ತದೆ. ಕನ್ನಡಕ ತೆಗೆದು, ನೀರೂರಿದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾಳೆ.

"ಒಂದ ಸಲ ಈ ದೀಪಾ ಕೌಜಲಗಿಗೆ ಒಯ್ಯಬೇಕ್ರಿ. ನನ್ನ ತಂಗಿ ಪದ್ಮವ್ವನ ಹೊಲದಾಗ ಮೆಣಸಿನಗಿಡಾ ಮುದುರಾಕತ್ತಾವ. ಅಷ್ಟರಾಗ ಯಾವುದರ ಒಂದ ಗಿಡಾ ರೋಗದ ಜೋಡಿ ಬಡದಾಡಾಕತ್ತಿರತೈತಿ. ಕಿತ್ತ ಒಗಿಯೂದರೊಳಗ ನಾ ಅದನ್ನ ನೋಡಬೇಕು."