ಕನ್ನಡಿಯಲ್ಲಿ ನೋರೀನಳ ಕೈ

ಡೆಲ್ಮರ್‌ಗೆ ಜಂಬವಿದ್ದದ್ದು ಗಾಡಿ ಹಿಂದಕ್ಕೆ ತೆಗೆಯುವುದರಲ್ಲಿ ಮಾತ್ರ. ನೆಬ್ರಾಸ್ಕಾದಲ್ಲಿ ಜೀವಮಾನವೆಲ್ಲ ಸ್ಕೂಲ್ ಬಸ್ ಓಡಿಸಿದವನಲ್ಲವೇ! ನಿವೃತ್ತಿಯಾದದ್ದೇ ತಡ, ಮನೆ ಮಾರಿ, ಒಳಗೇ ಅಡುಗೆ, ಹಾಸಿಗೆ ಇರುವ ಒಂದು ಮನೆಗಾಡಿ ಕೊಂಡು, ಹೆಂಡತಿ ನೋರೀನಳ ಜೊತೆ ಅರಿಜೋನಾದ ಮರಳುಗಾಡಿಗೆ ಬಂದುಬಿಟ್ಟ. ಅವರಿಗೆ ಮನೆ ಅಂತ ಉಳಿದದ್ದು ಆ ಗಾಡಿಯೊಂದೇ.

ಚಳಿಗಾಲಕ್ಕೆ ಇಂಥ ಗಾಡಿಗಳಲ್ಲಿ ಅಲ್ಲಿ ಬಂದು ಸೇರುವವರಲ್ಲಿ ಗಂಡ ಗಾಡಿ ಹಿಂದಕ್ಕೆ ತೆಗೆಯುವುದು, ಹೆಂಡತಿ ಹಿಂದೆ ನಿಂತು ಅವನ ಕನ್ನಡಿಯಲ್ಲಿ ಕಾಣುವಂತೆ ಸನ್ನೆ ಮಾಡುವುದು ರೂಢಿ. ತೋಳೆರಡನ್ನೂ ಅಡ್ಡ ಹಿಡಿದರೆ ನಿಲ್ಲಿಸು ಅಂತ. ಆಗ ಜಗಳವಾಡದ ಜೋಡಿಯೇ ಇಲ್ಲ. ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ ಮಜಾ ತಗೊಳ್ಳುವರು. ಇವರಿಬ್ಬರು ಮಾತ್ರ ಯಾವತ್ತೂ ಜಗಳವಾಡಿದವರಲ್ಲ. ನೋರೀನ್ ಕೈ ಆಡಿಸುತ್ತಾ "ಬಾ, ಇನ್ನೂ ಬಾ" ಎನ್ನುವಳು, ಅವನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುವನು. ಹೆದ್ದಾರಿಯಲ್ಲಿ ಕಣ್ಣಿಗೆ ಬಿಸಿಲು ಹೊಡೆಯುತ್ತೆ ಅಂತ ಈಚೆಗೆ ಸ್ಟಿಯರಿಂಗ್ ಅವಳಿಗೇ ಕೊಡುತ್ತಿದ್ದ. ಹಿಂದಕ್ಕೆ ತೆಗೆಯುವುದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಈ ಸಲ ನೆಗಡಿಯಾಗಿ ಅವಳ ಗಂಟಲು ಕಟ್ಟಿತ್ತು. ಬರೀ ಸನ್ನೆ ಮಾಡಿದಳು. ತೋಳು ಅಡ್ಡ ಹಿಡಿದರೂ ಗಾಡಿ ನಿಲ್ಲಲಿಲ್ಲ. ಅಯ್ಯೋ, ಬರುತ್ತಲೇ ಇತ್ತು! ಪಕ್ಕಕ್ಕೆ ಹಾರಿ ಬಿದ್ದಳು. ಅವಳ ಬೆನ್ನ ಹಿಂದಿದ್ದ ಮುಳ್ಳುಮರ ಗಾಡಿ ಬಡಿದು ಲಟಕ್ಕನೆ ಮುರಿಯಿತು.

ಡೆಲ್ಮರ್ ಗಾಡಿಯ ಮೈ ತಡವುತ್ತಾ ಬಂದ. ಅವಳು ಅವನ ಕಾಲ ಬಳಿಯೇ ಬಿದ್ದಿದ್ದಳು. ಅವನು ದೂರಕ್ಕೆ ನೋಡಿ ಅವಳ ಹೆಸರು ಕೂಗುತ್ತಿದ್ದ.

"ಎಷ್ಟು ದಿನದಿಂದ, ಡೆಲ್?" ಅಂದಳು, ಇದ್ದಷ್ಟು ದನಿಯಲ್ಲಿ.

"ಕನ್ನಡಿಯಲ್ಲಿ ನಿನ್ನ ಕೈ ಕಾಣದೆ ಎರಡು ಚಳಿಗಾಲ ಆಯ್ತು ಕಣೇ. ನಿನ್ನ ದನಿ ಇತ್ತಲ್ಲ, ಅದನ್ನ ಕೇಳ್ಕೊಂಡೇ ನಿಲ್ಲಿಸ್ತಿದ್ದೆ. ಹೇಳಿದ್ರೆ ಈ ಗಾಡಿ ಬದುಕೇ ಮುಗಿದುಹೋಗೋದು."

ಕೊಂದೇಬಿಡುತ್ತಿದ್ದೆಯಲ್ಲೋ ಪಾಪಿ ಅಂತ ಅವಳು ಬೈದಳು, ಬೈಯುತ್ತಲೇ ಅತ್ತಳು. ಉಳಿದಿರುವ ದೃಷ್ಟಿಯೂ ಹೋಗುತ್ತದೆ ಅಂದರು ಹತ್ತಿರದ ಊರು ಯೂಮಾದ ಡಾಕ್ಟರು. ಅವನನ್ನೂ ಗಾಡಿಯನ್ನೂ ಒಬ್ಬಳೇ ಸಂಭಾಳಿಸುವುದು ಅವಳಿಂದ ಆಗುವಂತಿರಲಿಲ್ಲ. ಅಲ್ಲೇ ಒಂದು ರೂಮು ಹಿಡಿದರು, ಗಾಡಿ ಮಾರಿದರು.

ಕೊಂಡವನ ಅಂಗಳದಲ್ಲಿ ಗಾಡಿಯನ್ನು ಸಾಲಿಗೆ ಹಿಂದಕ್ಕೆ ಬಿಡಬೇಕಿತ್ತು. ನಾನು ತೋರಿಸ್ತೀನಿ ಅಂತ ಡೆಲ್ಮರ್ ತಡವರಿಸಿಕೊಂಡು ಇಳಿದು, ಹಿಂದೆ ದೂರದಲ್ಲಿ ಹೋಗಿ ನಿಂತ. ಸ್ಟಿಯರಿಂಗ್ ಹಿಡಿದಿದ್ದ ಅವಳು ಕನ್ನಡಿಯಲ್ಲಿ ನೋಡಿದಳು. ಅವನ ಕೈ ಕರೆಯುತ್ತಿದ್ದದ್ದು ಪಕ್ಕದ ಖಾಲಿ ಜಾಗಕ್ಕೆ. ನೋರೀನ್ ನೆಲದ ಗೆರೆ ನೋಡಿಕೊಂಡು ಮೆಲ್ಲಗೆ ತೆಗೆದು, ನಿಲ್ಲಿಸಿ, ಎಂಜಿನ್ ಆರಿಸಿದಳು. ಸದ್ದು ಅಡಗಿದ ಮೇಲೆ ಅವನು ಎರಡೂ ತೋಳು ಅಡ್ಡ ಹಿಡಿದ.

"ಸರಿಯಾಗಿ ತೋರಿಸಿದೆನಾ?"

"ನಿನ್ನ ಕೈ ನೋಡ್ಕೊಂಡೇ ನಿಲ್ಲಿಸ್ದೆ," ಅಂದಳು ನೋರೀನ್.