ದೊಣೆಯ ನೀರು ಕುಡಿಯದ ಮನೆ

ಕಳೆದ ವಾರ ಹಳೆಯ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯ ಜೊತೆ ಒಂದು ಸ್ಮರಣ ಸಂಚಿಕೆ ಕೈಗೆ ಬಂತು. ಕಡೂರಿನಲ್ಲಿ ಅಚ್ಚಾದದ್ದು. ರಟ್ಟು ಕಿತ್ತುಹೋಗಿದೆ, ಅಂಚುಗಳನ್ನು ಜಿರಲೆ ತಿಂದಿವೆ. ನನ್ನ ಲೇಖನದ ಮೂರು ಪುಟ ಮಾತ್ರ ಹೊಸದರಂತೆ ಉಳಿದಿವೆ. ಹಾಳಾದವು, ತಿನ್ನುವುದಾದರೆ ಅವನ್ನೇ ತಿನ್ನಬಾರದಿತ್ತೇ?

ಎಪ್ಪತ್ತರ ದಶಕದ ಕೊನೆಯಲ್ಲಿ, ತರೀಕೆರೆಗೂ ಅಜ್ಜಂಪುರಕ್ಕೂ ನಡುವಿನ ಒಂದು ಗುಡ್ಡದೂರಿನ ಶಾಲೆಗೆ ನಾನು ಟೀಚರಾಗಿ ಹೋದೆ. ಮದುವೆಯಾಗಿರಲಿಲ್ಲ, ತಲೆ ತುಂಬ ಪುಸ್ತಕ. ನನಗೆ ಕೋಣೆ ಕೊಟ್ಟಾಕೆ ವಿಧವೆ, ಆಕೆಗೊಬ್ಬಳೇ ಮಗಳು. ನಾನು ದೊಡ್ಡಮ್ಮ ಎಂದು ಕರೆದೆ, ಅವರು ನನ್ನನ್ನು ಮಗಾ ಎಂದರು. ಊರಿನ ನೆತ್ತಿಯ ಮೇಲೆ ಪಾಳೇಗಾರರ ಕಾಲದ ಕೋಟೆ. ಭಾನುವಾರ ಬಂತೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡಮ್ಮ ಮುಂದೆ, ಏದುಸಿರು ಬಿಡುತ್ತಾ ನಾನು ಹಿಂದೆ. ಬುರುಜು, ಕಣಜ, ಕುದುರೆಯ ಗೊರಸು ಮೂಡಿದ ಬಂಡೆ... ಒಂದೊಂದಕ್ಕೂ ಅವರಲ್ಲಿ ಕತೆಯಿತ್ತು. ಒಂದು ಚಪ್ಪಡಿ ತೋರಿಸಿ, ರಾಣಿ ಇಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು ಎಂದರು. ನಿಜವಾ ಎಂದು ಕೇಳಿದೆ.

"ನಾನೇನು ಬಾಚಣಿಗೆ ಹಿಡ್ಕಂಡು ನಿಂತಿದ್ನಾ? ಕೇಳೋದಾದ್ರೆ ಕೇಳು, ಇಲ್ದಿದ್ರೆ ಬಿಡು."

ಕೋಟೆಯ ಒಳಗೊಂದು ದೊಣೆ. ಬಂಡೆಯ ಸೀಳಿನ ಆ ನೀರು ಬೇಸಗೆಯಲ್ಲೂ ಬತ್ತುತ್ತಿರಲಿಲ್ಲ. ಶ್ರಾವಣದ ಮೊದಲ ಸೋಮವಾರ ಊರೆಲ್ಲ ಹತ್ತಿಬಂದು, ಮನೆಗೊಬ್ಬಳಂತೆ ಹಿರಿಯ ಹೆಂಗಸು ದೊಣೆಗಿಳಿದು ಒಂದು ಬೊಗಸೆ ನೀರು ಕುಡಿಯಬೇಕು. ಅವಳು ಕುಡಿದರೆ ಇಡೀ ಮನೆ ಕುಡಿದಂತೆ. ಮೊದಲ ವರ್ಷವೇ ನಾನು ಕಂಡೆ: ದೊಡ್ಡಮ್ಮ ಬೊಗಸೆ ತುಂಬಿಕೊಂಡರು, ಕಣ್ಣಿಗೊತ್ತಿಕೊಂಡರು, ಯಾರೂ ಗಮನಿಸದಂತೆ ಎಡಕ್ಕೆ ಚೆಲ್ಲಿ ಬಾಯಿ ಒರೆಸಿಕೊಂಡರು. ಕೇಳಿದರೆ ನಕ್ಕು ಮಾತು ತಿರುಗಿಸಿದರು. ಎರಡು ವರ್ಷ ಪೀಡಿಸಿದೆ. ಮೂರನೆಯ ವರ್ಷ, ರಾಗಿ ಹಸನು ಮಾಡುತ್ತಾ ಕೂತಿದ್ದಾಗ ಹೇಳಿದರು.

ಶತ್ರುಗಳು ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತರೂ ಕೋಟೆ ಬಗ್ಗಲಿಲ್ಲವಂತೆ, ಕಾರಣ ದೊಣೆಯ ನೀರು. ಅದು ಎಲ್ಲಿಂದ ಬರುತ್ತದೆಂದು ಹೊರಗಿನವರಿಗೆ ತಿಳಿಯದು. ಈ ಮನೆಯ ಹಿರೀಕನೊಬ್ಬ ಕುರಿ ಕಾಯುತ್ತಿದ್ದ. ಅವನು ಕುರಿಗಳಿಗೆ ಉಪ್ಪು ನೆಕ್ಕಿಸಿ ಬಿಟ್ಟ. ಬಾಯಾರಿದ ಕುರಿಗಳು ಗೋಡೆಯಾಚೆ ಗಿಡಮಟ್ಟಿಯೊಳಗಿದ್ದ, ದೊಣೆಗೆ ನೀರುಣಿಸುವ ಒರತೆಗೆ ನೇರ ಓಡಿದವು. ಶತ್ರುಗಳು ಅದನ್ನು ಮುಚ್ಚಿದರು. ಎಂಟೇ ದಿನ, ಕೋಟೆ ಬಿತ್ತು.

"ದಂಡಿನೋರು ಅವನ ಮಕ್ಕಳ್ನ ಕಟ್ಟಾಕಿದ್ರಂತೆ ಕಣೇ. ಏನ್ ಮಾಡಾನು? ಆ ನೀರು ಕುಡೀಬಾರ್ದು ಅಂತ ಊರೋರು ಯಾರೂ ಹಾಕಿದ್ ಶಿಕ್ಷೆ ಅಲ್ಲ ಇದು, ನಮ್ಮೋರೇ ಹಾಕ್ಕಂಡಿದ್ದು. ನಮ್ಮತ್ತೆ ಸಾಯೋ ಮುಂಚೆ ಕೈ ಮೇಲೆ ಕೈ ಹಾಕುಸ್ಕಂಡ್ಲು. ಈಗ ಊರಾಗೆ ಯಾರಿಗೂ ಗೊತ್ತಿಲ್ಲ, ನನ್ ಮಗಳಿಗೂ ಗೊತ್ತಿಲ್ಲ. ನೀನೂ ಬಾಯಿ ಬಿಡಬ್ಯಾಡ."

ಬಾಯಿ ಬಿಡಲಿಲ್ಲ, ಬರೆದೆ. ಕಡೂರಿನವರು ಸಂಚಿಕೆಗೆ ಲೇಖನ ಕೇಳಿದ್ದರು. ಹೆಸರು ಹಾಕದಿದ್ದರೆ ಆಯಿತೆಂದುಕೊಂಡೆ. ಆ ನೀರು ಚೆಲ್ಲುವ ಬಗೆಯನ್ನು ಮಾತ್ರ ಬಿಡಲು ಮನಸ್ಸು ಬರಲಿಲ್ಲ, ಬೊಗಸೆ, ಕಣ್ಣು, ಎಡಕ್ಕೆ, ಎಲ್ಲ ಬರೆದೆ. ಮಕ್ಕಳನ್ನು ಕಟ್ಟಿಹಾಕಿದ್ದನ್ನು ಕೈಬಿಟ್ಟೆ. ದ್ರೋಹದ ಕತೆಯ ಓಟಕ್ಕೆ ಅದು ಅಡ್ಡ ಬರುತ್ತಿತ್ತು. ನನಗೆ ಆಗ ಎಂಥ ಜಂಬ!

ಶ್ರಾವಣದ ಹೊಸ್ತಿಲಲ್ಲಿ ಸಂಚಿಕೆ ಊರಿಗೆ ಬಂತು. ಹೆಡ್ಮಾಸ್ತರು ಅರಳಿಕಟ್ಟೆಯಲ್ಲಿ ಕೂತು ಗಟ್ಟಿಯಾಗಿ ಓದಿದರು. ಊರು ಕುದಿಯತೊಡಗಿತು. "ಯಾವ್ ಮನೆ ಅಂತ ಈಗ್ಯಾಕೆ ತಲೆ ಕೆಡುಸ್ಕಂತೀರಿ? ಸೋಮವಾರ ದೊಣೆ ಹತ್ರ ನಿಂತ್ಕಂಡ್ರೆ ಗೊತ್ತಾಯ್ತದೆ" ಎಂದನಂತೆ ಒಬ್ಬ. ದೊಡ್ಡಮ್ಮನ ಮಗಳಿಗೆ ಯಗಟಿಯಲ್ಲಿ ಸಂಬಂಧ ಗೊತ್ತಾಗಿತ್ತು. ಬೀಗರು ಆ ಸೋಮವಾರವೇ ಕೋಟೆ ನೋಡಲು ಬರುವವರಿದ್ದರು. ದ್ರೋಹಿಯ ಮನೆಯ ಹೆಣ್ಣನ್ನು ಯಾರು ತಂದುಕೊಳ್ಳುತ್ತಾರೆ?

ಆ ದಿನ ದೊಣೆಯ ಸುತ್ತ ಜನ ಬೇಲಿ ಕಟ್ಟಿದಂತೆ ನಿಂತಿದ್ದರು. ಒಬ್ಬೊಬ್ಬಳ ಗಂಟಲನ್ನೇ ನೋಡುತ್ತಿದ್ದರು. ದೊಡ್ಡಮ್ಮ ಇಳಿದರು. ಬೊಗಸೆ ತುಂಬಿಕೊಂಡರು. ಬೀಗರ ಪಕ್ಕದಲ್ಲಿ ನಿಂತಿದ್ದ ಮಗಳನ್ನೊಮ್ಮೆ ನೋಡಿದರು. ಕುಡಿದರು... ಒಂದು ಹನಿಯೂ ಕೆಳಗೆ ಬೀಳದಂತೆ ಕುಡಿದರು.

ಯಾವ ಮನೆಯೂ ಸಿಗಲಿಲ್ಲ. "ಟೀಚರಮ್ಮ ಕತೆ ಕಟ್ಟವ್ರೆ ಕಣ್ರೋ" ಎಂದು ಜನ ನಕ್ಕರು. ನನಗೆ ಅವಮಾನವಾಯಿತು. ನಾಚಿಕೆಗೇಡೆಂದರೆ, ಆ ಗಳಿಗೆಯಲ್ಲಿ ನನ್ನನ್ನು ಚುಚ್ಚಿದ್ದು ಅದೊಂದೇ.

ಇಳಿಯುವಾಗ ನಾನು ಅವರ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡರು. ಎಂದೂ ಬಹುವಚನ ಆಡದವರು ಅಂದು ಆಡಿದರು.

"ನಮ್ಮತ್ತೆಗೆ ಏನಂತ ಹೇಳ್ಲಿ, ಟೀಚರಮ್ಮಾ? ನೀವು ಓದಿದೋರು, ನೀವೇ ಹೇಳಿ."

ಕೋಣೆ ಬಿಡಿ ಎನ್ನಲಿಲ್ಲ, ಊಟ ನಿಲ್ಲಿಸಲಿಲ್ಲ. ಮಾತು ಮಾತ್ರ ಮತ್ತೆ ಆಡಲಿಲ್ಲ. ಮದುವೆ ಚೆನ್ನಾಗಿಯೇ ನಡೆಯಿತು. ನಾನು ವರ್ಗ ಮಾಡಿಸಿಕೊಂಡು ಹೊರಟೆ. ಕ್ಷಮಿಸಿ ಎಂದು ಒಂದು ಕಾಗದವನ್ನಾದರೂ ಹಾಕಬಹುದಿತ್ತು. ಅವರಿಗೆ ಓದು ಬಾರದು, ಓದಿ ಹೇಳಲು ಬೇರೆಯವರು ಬೇಕಲ್ಲ ಎಂಬ ನೆವ ಹೇಳಿಕೊಂಡು ಸುಮ್ಮನಾದೆ.

ಈಚೆಗೆ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಆ ಮಗಳು ಸಿಕ್ಕಳು. ತಲೆ ನರೆತಿದೆ, ಅಜ್ಜಿಯಾಗಿದ್ದಾಳೆ. ನನ್ನನ್ನು ಗುರುತು ಹಿಡಿದು ಅಪ್ಪಿಕೊಂಡಳು. ಅವ್ವ ಹೋಗಿ ಬಹಳ ವರ್ಷವಾಯಿತು ಎಂದಳು. ನನಗೆ ಆವರೆಗೂ ಗೊತ್ತಿರಲಿಲ್ಲ.

"ನೀವಿಬ್ರೂ ಅಷ್ಟು ಚೆನ್ನಾಗಿದ್ರಿ. ಯಾಕೆ ಮಾತು ಬಿಟ್ರಿ? ಅವ್ವ ಕೊನೇಗಂಟ ಹೇಳ್ಲಿಲ್ಲ."

ನೆನಪಿಲ್ಲಮ್ಮ ಎಂದೆ. ಬಸ್ಸು ಬಂತು, ಅವಳು ಹತ್ತಿ ಕೈ ಬೀಸಿದಳು.

ಆಕೆ ಓದುವವಳಲ್ಲ ಎಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ. ಆಕೆಯ ತಾಯಿಯ ವಿಷಯದಲ್ಲೂ ನನಗೆ ಇದ್ದದ್ದು ಇದೇ ಧೈರ್ಯ.